ಗಾಳಕ್ಕೆ ಲಂಗ ಕಟ್ಟಿದವರ ಕಥೆ

ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಕ್ಯಾಬ್‌ನಲ್ಲಿ ಓದ್ಕೊಂಡು ಹೋಗ್ತೀವಿ ಅನ್ನೋರಿಗೋಸ್ಕರ ಈ ವಾರದ ಮಾತಿನ ಬರಹರೂಪ ಇದು. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ಇಸವಿಗಳನ್ನ ಇಲ್ಲಿ ಸೇರಿಸಿದ್ದೀನಿ.

ವಿಷಯ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಮೀನು ಹಿಡಿಯೋ ಜಿಗ್‌ಗೆ ಕಟ್ಟುವ ಸ್ಕರ್ಟ್‌ನ ಇತಿಹಾಸ. ಗೊತ್ತಿಲ್ಲದೋರಿಗೆ ಮೊದಲು ಎರಡು ಮಾತು. ಜಿಗ್ ಅಂದ್ರೆ ತಲೆ ಹತ್ತಿರ ಸೀಸದ ಗುಂಡು ಎರಕ ಹೊಯ್ದಿರೋ ಗಾಳ. ಭಾರ ಇರೋದ್ರಿಂದ ನೀರಿಗೆ ಬಿಟ್ಟ ತಕ್ಷಣ ಮುಳುಗುತ್ತೆ. ದಾರ ಜಗ್ಗಿದ್ರೆ ಮೇಲೆ ಹಾರುತ್ತೆ, ಬಿಟ್ರೆ ಮತ್ತೆ ಇಳಿಯುತ್ತೆ. ಬರೀ ಸೀಸ, ಬರೀ ಕಬ್ಬಿಣ ಮೀನಿಗೆ ಊಟದ ಹಾಗೆ ಕಾಣೋದಿಲ್ಲ. ಅದಕ್ಕೆ ಸೀಸದ ಹಿಂದೆ ಎಳೆ ಎಳೆಯಾಗಿ ಏನಾದ್ರೂ ಕಟ್ಟುತ್ತಾರೆ: ಗರಿ, ಕೂದಲು, ರಬ್ಬರ್, ಈಗ ಸಿಲಿಕೋನ್. ನೀರಲ್ಲಿ ಆ ಎಳೆಗಳು ಅರಳಿ ಮುಚ್ಚೋದನ್ನ ನೋಡಿದ್ರೆ ಲಂಗ ಉಟ್ಟು ಗಿರಕಿ ಹೊಡೆದ ಹಾಗಿರುತ್ತೆ. ಅದಕ್ಕೇ ಸ್ಕರ್ಟ್ ಅನ್ನೋ ಹೆಸರು.

ನಾನು ಇದರ ಹಿಂದೆ ಬಿದ್ದದ್ದು ಒಂದು ನಷ್ಟದಿಂದ. ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು. ವಾರಾಂತ್ಯಕ್ಕೆ ಕೊಂಕಣದ ಕಡೆ ಹೋಗಿ ಬಂಡೆ ಮೇಲೆ ನಿಂತು ಗಾಳ ಹಾಕೋದು ನನ್ನ ಹುಚ್ಚು. ಒಂದು ಸಲ ದುಬಾರಿ ರಬ್ಬರ್ ಸ್ಕರ್ಟ್‌ಗಳನ್ನ ತರಿಸಿ, ಡಬ್ಬಿಯಲ್ಲಿ ಹಾಕಿ, ಕಾರಿನ ಡಿಕ್ಕಿಯಲ್ಲೇ ಮರೆತುಬಿಟ್ಟೆ. ಮೇ ತಿಂಗಳು. ಹದಿನೈದು ದಿನ ಬಿಟ್ಟು ತೆಗೆದ್ರೆ ಹಪ್ಪಳದ ಹಿಟ್ಟಿನ ಹಾಗೆ ಎಲ್ಲ ಅಂಟಿಕೊಂಡು ಒಂದೇ ಮುದ್ದೆ! ಗಂಗೊಳ್ಳಿಯಲ್ಲಿರೋ ನಮ್ಮ ಸೋದರಮಾವನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ಅವರು ಮೂವತ್ತು ವರ್ಷ ದೋಣಿಯಲ್ಲಿ ದುಡಿದವರು. ಹಳೇ ನೈಲಾನ್ ಹಗ್ಗದ ಎಳೆ ಬಿಡಿಸಿ, ಕೋಳಿಗರಿ ಸೇರಿಸಿ, ಬಲೆ ನೂಲಿನಲ್ಲಿ ಬಿಗಿದು ಬಂಗುಡೆಗೂ ಕೆಂಬೇರಿಗೂ ಗಾಳ ಮಾಡ್ಕೊಳ್ತಿದ್ರು. ನನ್ನ ಮುದ್ದೆ ನೋಡಿ ನಕ್ಕು ಹೇಳಿದ್ದು ಇಷ್ಟೇ: "ಮಾಣಿ, ಬಣ್ಣ ಕಾಂಬುದ್ ಬಿಡ್. ಗಂಟ್ ಕಾಣ್."

ಊರಿಗೆ ಬಂದಾಗ ಕಲಿಸಿ ಮಾವ ಅಂದೆ. ಆಯ್ತು ಅಂದ್ರು. ಆದ್ರೆ ನಾನು ಹೋಗೋ ಹೊತ್ತಿಗೆ ಅವರಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತು. ಮಾತು ಸರಿಯಾಗೇ ಇತ್ತು, ನೆನಪೂ ಇತ್ತು. ಗಂಟು ಹಾಕೋ ಕೈ ಮಾತ್ರ ಇರಲಿಲ್ಲ. ಆಗ ತಲೆಗೆ ಹೊಕ್ಕ ಪ್ರಶ್ನೆಯೇ ಈ ಮಾತಿಗೆ ಕಾರಣ: ಕೈಯಲ್ಲಿರೋ ವಿದ್ಯೆ ಬರಹಕ್ಕೆ ಎಷ್ಟು ಬಂದಿದೆ?

ಹುಡುಕ್ತಾ ಹೋದ್ರೆ ಸಿಗೋ ತೀರಾ ಹಳೆಯ ಬರಹಗಳಲ್ಲೊಂದು ಕ್ರಿ.ಶ. 200ರ ಆಸುಪಾಸಿನದು. ಈಲಿಯನ್ ಅನ್ನೋ ರೋಮನ್ ಲೇಖಕ ಪ್ರಾಣಿಗಳ ಸ್ವಭಾವದ ಬಗ್ಗೆ ಗ್ರೀಕ್ ಭಾಷೆಯಲ್ಲಿ ಒಂದು ದೊಡ್ಡ ಗ್ರಂಥ ಬರೆದ. ಅದರಲ್ಲಿ ಮ್ಯಾಸಿಡೋನಿಯದ ಅಸ್ಟ್ರೀಯಸ್ ಅನ್ನೋ ಹೊಳೆಯ ಬೆಸ್ತರ ಕಥೆ ಬರುತ್ತೆ. ಅಲ್ಲಿನ ಚುಕ್ಕೆ ಮೀನುಗಳು ನೀರಿನ ಮೇಲೆ ಹಾರೋ ಒಂದು ಜಾತಿ ನೊಣವನ್ನ ತಿಂತವೆ. ಆದ್ರೆ ಆ ನೊಣವನ್ನ ಹಿಡಿದು ಗಾಳಕ್ಕೆ ಚುಚ್ಚೋ ಹಾಗಿಲ್ಲ, ಮನುಷ್ಯನ ಕೈ ತಾಗಿದ್ರೆ ಅದರ ಬಣ್ಣ ಹೋಗುತ್ತೆ, ರೆಕ್ಕೆ ಮುದುಡುತ್ತೆ. ಹಾಗಾಗಿ ಬೆಸ್ತರು ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಕೊರಳ ಜೋಲಿನ ಕೆಳಗೆ ಬೆಳೆಯೋ ಮೇಣದ ಬಣ್ಣದ ಎರಡು ಗರಿ ಸೇರಿಸ್ತಾರೆ. ಕೋಲು ಆರು ಅಡಿ, ದಾರವೂ ಅಷ್ಟೇ.

ಎಷ್ಟು ವಿವರ ನೋಡಿ! ಉಣ್ಣೆಯ ಬಣ್ಣ ಇದೆ, ಗರಿ ಹುಂಜದ ಯಾವ ಜಾಗದ್ದು ಅಂತ ಇದೆ, ಕೋಲಿನ ಅಳತೆ ಇದೆ. ಗರಿಯನ್ನ ಜಾರದ ಹಾಗೆ ಯಾವ ಗಂಟಿನಿಂದ ಬಿಗಿದರು ಅನ್ನೋದು ಮಾತ್ರ ಇಲ್ಲ. ಯಾಕಂದ್ರೆ ಈಲಿಯನ್ ಅದನ್ನ ಕಣ್ಣಾರೆ ಕಂಡವನಲ್ಲ, ಕೇಳಿದ್ದೀನಿ ಅಂತ ಅವನೇ ಹೇಳಿಕೊಳ್ತಾನೆ. ತಾನು ಇಟಲಿ ಬಿಟ್ಟು ಎಲ್ಲೂ ಹೋದವನಲ್ಲ, ಹಡಗು ಹತ್ತಿದವನೇ ಅಲ್ಲ ಅಂತ ಅವನು ಹೇಳ್ಕೋತಿದ್ದದ್ದನ್ನ ಫಿಲೋಸ್ಟ್ರಾಟಸ್ ದಾಖಲಿಸಿದ್ದಾನೆ. ಬಾಯಿಂದ ಬಾಯಿಗೆ ಬಣ್ಣ ದಾಟುತ್ತೆ, ಅಳತೆ ದಾಟುತ್ತೆ. ಗಂಟು ದಾಟೋದಿಲ್ಲ.

ಇಂಗ್ಲೆಂಡಿನಲ್ಲೂ ಹೆಚ್ಚುಕಡಿಮೆ ಇದೇ ಕಥೆ. 1496ರಲ್ಲಿ ವಿಂಕಿನ್ ಡಿ ವರ್ಡ್ ಅನ್ನೋ ಮುದ್ರಕ ಗಾಳದ ಮೀನುಗಾರಿಕೆ ಬಗ್ಗೆ ಒಂದು ಪ್ರಬಂಧ ಅಚ್ಚು ಹಾಕಿದ. ಅದರಲ್ಲಿ 12 ಕೃತಕ ನೊಣಗಳ ಪಟ್ಟಿ ಇದೆ, ಮೈಗೆ ಯಾವ ಬಣ್ಣದ ಉಣ್ಣೆ, ರೆಕ್ಕೆಗೆ ಯಾವ ಹಕ್ಕಿಯ ಗರಿ ಅಂತ. ಅಡುಗೆ ಪುಸ್ತಕದಲ್ಲಿ ಸಾಮಾನು ಕೊಟ್ಟು ಮಾಡುವ ವಿಧಾನ ಬಿಟ್ಟ ಹಾಗೆ. ನೂಲು ಎಲ್ಲಿಂದ ಸುತ್ತಬೇಕು, ಎಲ್ಲಿ ಬಿಗಿಯಬೇಕು ಅನ್ನೋ ಕೈಕೆಲಸ ಬರಹಕ್ಕೆ ಬಂದದ್ದು 17ನೇ ಶತಮಾನದಲ್ಲಿ. ಐಸಾಕ್ ವಾಲ್ಟನ್‌ನ ಪ್ರಸಿದ್ಧ ಪುಸ್ತಕಕ್ಕೆ 1676ರಲ್ಲಿ ಚಾರ್ಲ್ಸ್ ಕಾಟನ್ ಬರೆದು ಸೇರಿಸಿದ ಎರಡನೇ ಭಾಗದಲ್ಲಿ ಗುರು ಶಿಷ್ಯನ ಎದುರಿಗೆ ಕೂತು ನೊಣ ಕಟ್ಟಿ ತೋರಿಸ್ತಾನೆ.

ನಮ್ಮ ಕಡೆ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ನಿಜಕ್ಕೂ ಖುಷಿ ಆಯ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ, ಅಂದ್ರೆ ಇವತ್ತಿನ ಬಸವಕಲ್ಯಾಣದಿಂದ ಆಳಿದವನು, 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಅಂತ ಒಂದು ಅಧ್ಯಾಯವೇ ಇದೆ. ಮೀನಿನ ಜಾತಿಗಳು, ಯಾವ ಮೀನಿಗೆ ಯಾವ ಮೇವು, ಕೋಲು, ದಾರ, ಗಾಳ, ಎಲ್ಲ ಬರುತ್ತೆ. ಇಂಗ್ಲೆಂಡಿನ ಆ ಪುಸ್ತಕ ಅಚ್ಚಾಗೋದಕ್ಕೆ ಮೂರೂವರೆ ಶತಮಾನ ಮೊದಲು! ಇದನ್ನ ಆಧುನಿಕ ವಿದ್ವಾಂಸರ ಗಮನಕ್ಕೆ ತಂದವರು ಮತ್ಸ್ಯವಿಜ್ಞಾನಿ ಸುಂದರ್ ಲಾಲ್ ಹೋರಾ, 1951ರ ಒಂದು ಲೇಖನದಲ್ಲಿ. ಆಮೇಲೆ ಬ್ರಿಟಿಷರ ಕಾಲಕ್ಕೆ ಬಂದ್ರೆ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದ ರಾಡ್ ಇನ್ ಇಂಡಿಯಾ' 1873ರಲ್ಲಿ ನಮ್ಮ ಮಂಗಳೂರಿನಿಂದಲೇ ಹೊರಬಂತು. ಇಲ್ಲಿನ ಹೊಳೆಗಳಲ್ಲಿ ಗಾಳ ಹಾಕೋ ಇಂಗ್ಲಿಷರಿಗೆ ಅದು ಕೈಪಿಡಿ.

ದೊರೆ ಬರೆದ, ಕಲೆಕ್ಟರ್ ಬರೆದ. ಗಂಗೊಳ್ಳಿಯ ದೋಣಿಯಲ್ಲಿ ಕೂತು ಗರಿ ಕಟ್ಟುತ್ತಿದ್ದವರಿಗೆ ಬರೆಯೋ ಅಗತ್ಯವೇ ಇರಲಿಲ್ಲ, ಪಕ್ಕದಲ್ಲಿ ಮಗ ಕೂತಿರ್ತಿದ್ದ. ಆ ಮಗ ಊರು ಬಿಟ್ಟು ಪುಣೆಗೋ ಹೈದರಾಬಾದಿಗೋ ಹೋಗ್ತಾನೆ ಅಂತ ಯಾರಿಗೆ ಗೊತ್ತಿತ್ತು?

ಬರಹ ಇಲ್ಲದಿದ್ರೆ ವಸ್ತುವಾದ್ರೂ ಉಳಿಯಬೇಕಲ್ವಾ ಅಂತ ಕೇಳಬಹುದು. ಅದಕ್ಕೆ ಪೆಸಿಫಿಕ್ ಸಾಗರದ ದ್ವೀಪಗಳ ಕಡೆ ನೋಡೋಣ. ಹವಾಯಿ ಮತ್ತು ಪಾಲಿನೇಷ್ಯದ ಮೀನುಗಾರರು ಮುತ್ತಿನ ಚಿಪ್ಪನ್ನ ಉದ್ದಕ್ಕೆ ಕೊಯ್ದು, ಹೊಳೆಯೋ ಹಾಗೆ ಉಜ್ಜಿ, ಅದಕ್ಕೆ ಮೂಳೆ ಅಥವಾ ಆಮೆ ಚಿಪ್ಪಿನ ಕೊಕ್ಕೆ ಕಟ್ಟಿ ಸೂರೆ ಮೀನು ಹಿಡೀತಿದ್ರು. ಆ ಕೊಕ್ಕೆಯ ಬುಡದಲ್ಲಿ ಒಂದು ಗೊಂಚಲು ಇರ್ತಿತ್ತು, ಹವಾಯಿಯಲ್ಲಿ ಹಂದಿಯ ಒರಟು ಕೂದಲು, ಬೇರೆ ಕಡೆ ಗರಿ ಅಥವಾ ನಾರು. ಇವತ್ತು ನಾವು ಸ್ಕರ್ಟ್ ಅನ್ನೋದಕ್ಕೆ ಹತ್ತಿರದ ನೆಂಟ. ಆದ್ರೆ ನೆಲ ಅಗೆದಾಗ ಸಿಗೋದು ಚಿಪ್ಪು, ಮೂಳೆ. ನಾರು ಕೊಳೆತಿರುತ್ತೆ, ಕೂದಲು ಹೋಗಿರುತ್ತೆ, ಗಂಟು ಇದ್ದ ಜಾಗದಲ್ಲಿ ಎರಡು ತೂತು ಮಾತ್ರ. ಗಾಳದ ಇಡೀ ಇತಿಹಾಸ ಹೀಗೇ. ಗಟ್ಟಿ ಭಾಗ ಉಳಿಯುತ್ತೆ. ಮೀನನ್ನ ಮೋಸ ಮಾಡ್ತಿದ್ದ ಮೆತ್ತನೆ ಭಾಗ ಮೊದಲು ಮಾಯ ಆಗುತ್ತೆ.

ಇಲ್ಲಿಂದ ಅಮೆರಿಕಕ್ಕೆ ಹೋಗಬೇಕು, ಯಾಕಂದ್ರೆ ಇವತ್ತಿನ ಜಿಗ್ ಸ್ಕರ್ಟ್ ಹುಟ್ಟಿದ್ದು ಅಲ್ಲಿ. ಅಲ್ಲಿ ಮೊದಲು ಇದ್ದದ್ದು ಬಕ್‌ಟೇಲ್, ಅಂದ್ರೆ ಬಿಳಿಬಾಲದ ಜಿಂಕೆಯ ಬಾಲದ ಕೂದಲು. ಸೀಸದ ತಲೆಯ ಕತ್ತಿನ ಸುತ್ತ ಒಂದೊಂದೇ ಚಿಟಿಕೆ ಕೂದಲು ಇಟ್ಟು, ನೂಲಿನಿಂದ ಬಿಗಿದು, ಮೇಲೆ ವಾರ್ನಿಶ್ ಹಚ್ಚೋದು. ನೂಲು ಎಷ್ಟು ಬಿಗಿ ಅನ್ನೋದರ ಮೇಲೆ ಕೂದಲು ಎಷ್ಟು ಅರಳುತ್ತೆ ಅನ್ನೋದು ನಿಂತಿದೆ. ಕಡಿಮೆ ಬಿಗಿದ್ರೆ ಉದುರುತ್ತೆ, ಅತಿಯಾಗಿ ಬಿಗಿದ್ರೆ ಪೊರಕೆ ಹಾಗೆ ಕೆದರುತ್ತೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯವರ ಜೀವರಕ್ಷಕ ಕಿಟ್‌ಗಳಲ್ಲಿ ಇಂಥ ಬಕ್‌ಟೇಲ್ ಜಿಗ್‌ಗಳು ಇದ್ದವು. ಹಡಗು ಮುಳುಗಿ ತೆಪ್ಪದಲ್ಲಿ ಉಳಿದವನ ಹೊಟ್ಟೆಪಾಡು, ಯಾರೋ ಕೂತು ಬಿಗಿದ ಆ ನೂಲಿನ ಮೇಲೆ ನಿಂತಿತ್ತು.

ಈಗ ರಬ್ಬರ್. ಸಹಜ ರಬ್ಬರ್ ಬಿಸಿಲಿಗೆ ಅಂಟಾಗಿ ಚಳಿಗೆ ಬಿರುಸಾಗೋ ವಸ್ತು. ಅದಕ್ಕೆ ಗಂಧಕ ಸೇರಿಸಿ ಕಾಯಿಸೋ ವಲ್ಕನೈಸೇಶನ್‌ಗೆ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ. ಅವನು ಸತ್ತದ್ದು 1860ರಲ್ಲಿ. ಅವನ ಹೆಸರಿಟ್ಟುಕೊಂಡ ಟೈರ್ ಕಂಪನಿ ಒಹಾಯೊ ರಾಜ್ಯದ ಆಕ್ರನ್ ಊರಲ್ಲಿ ಶುರುವಾದದ್ದು 1898ರಲ್ಲಿ. ಆ ಕಂಪನಿಯಲ್ಲಿ ಕೆಲಸ ಮಾಡ್ತಿದ್ದ ಫ್ರೆಡ್ ಆರ್ಬೊಗಾಸ್ಟ್ ಅನ್ನೋನು ಗಾಳ ಎಸೆಯೋದ್ರಲ್ಲಿ ಚಾಂಪಿಯನ್. ಅವನು ನೌಕರಿ ಬಿಟ್ಟು ಮೀನಿನ ಆಟಿಕೆಗಳನ್ನ ಮಾಡೋ ಸ್ವಂತ ಉದ್ಯೋಗಕ್ಕೆ ಇಳಿದ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸ್ಟಾರ್ಟಪ್! 1930ರ ದಶಕದ ಕೊನೆಯ ಹೊತ್ತಿಗೆ ಅವನು ತಂದದ್ದು ತೆಳ್ಳನೆ ರಬ್ಬರ್ ಎಳೆಗಳ ಸ್ಕರ್ಟ್. ಹೆಸರು ಹುಲಾ ಸ್ಕರ್ಟ್, ಹವಾಯಿಯ ಹುಲಾ ಕುಣಿತದ ಲಂಗದಿಂದ ತಗೊಂಡದ್ದು. ತಮಾಷೆ ಅಂದ್ರೆ ಆ ಹುಲ್ಲಿನ ಲಂಗ ಕೂಡ ಹವಾಯಿಯದಲ್ಲ. 19ನೇ ಶತಮಾನದ ಕೊನೆಭಾಗದಲ್ಲಿ ಗಿಲ್ಬರ್ಟ್ ದ್ವೀಪಗಳಿಂದ ಕೂಲಿಗೆ ಬಂದವರು ತಂದದ್ದು. ಬಟ್ಟೆ, ಕುಣಿತ, ಪದ, ಎಲ್ಲ ವಲಸೆ ಹೋಗೋರ ಜೊತೆಗೇ ಹೋಗುತ್ತೆ. ನಮಗೆ ಇದು ಹೊಸದಾ?

ರಬ್ಬರ್ ತಂದ ಬದಲಾವಣೆ ಎರಡು. ಒಂದು, ಚಲನೆ. ಸಹಜ ರಬ್ಬರ್ ನೀರಿಗಿಂತ ಸ್ವಲ್ಪ ಹಗುರ, ಹಾಗಾಗಿ ಜಿಗ್ ತಳದಲ್ಲಿ ಸುಮ್ಮನೆ ಕೂತಾಗಲೂ ಎಳೆಗಳು ಮೆಲ್ಲಗೆ ಮೇಲೆದ್ದು ಅರಳ್ತಾನೇ ಇರುತ್ತವೆ. ಇನ್ನೊಂದು, ಜೋಡಣೆ. ರಬ್ಬರ್ ತನ್ನ ಹಿಗ್ಗೋ ಗುಣದಿಂದಲೇ ಸೀಸದ ಕತ್ತನ್ನ ಹಿಡ್ಕೊಳ್ಳುತ್ತೆ. ಹಳೇದು ತೆಗೆದು ಹೊಸದು ಹಾಕ್ಬಹುದು. ಮೊದಲ ಸಲ ಗಂಟು ಬೇಡವಾಯ್ತು. ಕಟ್ಟೋರ ವಿದ್ಯೆ ಕಾರ್ಖಾನೆಯೊಳಗೆ ಹೋಯ್ತು.

ಅದರ ಬೆನ್ನಿಗೇ ಯುದ್ಧ ಬಂತು. 1942ರಲ್ಲಿ ಜಪಾನ್ ಮಲಯಾ ಮತ್ತು ಡಚ್ ಈಸ್ಟ್ ಇಂಡೀಸನ್ನ ಹಿಡಿದಾಗ ಅಮೆರಿಕದ ಸಹಜ ರಬ್ಬರಿನ ಸುಮಾರು ಶೇ. 90ರಷ್ಟು ಪೂರೈಕೆ ನಿಂತುಹೋಯ್ತು. ಆ ದೇಶದಲ್ಲಿ ರೇಷನ್ ಮೊದಲು ಬಂದದ್ದೇ ಟೈರಿಗೆ. ಕಾರಿಗೇ ರಬ್ಬರ್ ಇಲ್ಲ ಅಂದ್ಮೇಲೆ ಮೀನಿನ ಲಂಗಕ್ಕೆ ಯಾರು ಕೊಡ್ತಾರೆ? ಅಂದಹಾಗೆ ಆ ಏಷ್ಯಾದ ರಬ್ಬರ್ ಮರಗಳ ಮೂಲ 1876ರಲ್ಲಿ ಹೆನ್ರಿ ವಿಕಮ್ ಬ್ರೆಜಿಲ್‌ನಿಂದ ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ ಬೀಜಗಳು. ನಮ್ಮ ಸುಳ್ಯ, ಪುತ್ತೂರಿನ ತೋಟಗಳಲ್ಲಿರೋದೂ ಅದೇ ಜಾತಿಯ ಮರ. ಅಲ್ಲಿ ಹಾಲು ತೆಗೆಯೋರಲ್ಲಿ ಬಹಳ ಜನ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಸಿಲೋನಿನಿಂದ ಬಂದ ತಮಿಳು ಕುಟುಂಬಗಳವರು.

ಯುದ್ಧದ ನಂತರ ರಬ್ಬರ್ ವಾಪಸ್ ಬಂತು. ಜಿಗ್‌ಗೆ ನಿಜವಾದ ಮೆರುಗು ಬಂದದ್ದು 1970ರ ದಶಕದಲ್ಲಿ. ಕ್ಯಾಲಿಫೋರ್ನಿಯದ ಡೀ ಥಾಮಸ್ ಉದ್ದ ಕೋಲಿನಿಂದ ಪೊದೆ, ಜೊಂಡಿನ ಸಂದಿಗೆ ಸದ್ದಿಲ್ಲದೆ ಜಿಗ್ ಇಳಿಸೋ ವಿಧಾನವನ್ನ ಬಾಸ್ ಮೀನಿನ ಟೂರ್ನಮೆಂಟಿಗೆ ತಂದ. 1975ರಲ್ಲಿ ಆರ್ಕನ್ಸಾದ ಬುಲ್ ಶೋಲ್ಸ್ ಕೆರೆಯಲ್ಲಿ ಗೆದ್ದ. ಫ್ಲಿಪ್ಪಿಂಗ್ ಅಂತ ಅದಕ್ಕೆ ಹೆಸರು. ಪೊದೆಯೊಳಗೆ ನೇರ ಕೆಳಕ್ಕೆ ಬೀಳೋ ಗಾಳಕ್ಕೆ ಬೀಳುವಾಗಲೇ ಜೀವ ಇದ್ದ ಹಾಗೆ ಕಾಣಬೇಕು. ಆ ಕೆಲಸ ಮಾಡೋದು ಸ್ಕರ್ಟ್. ಮನೆಯಲ್ಲೇ ಸೀಸ ಕರಗಿಸಿ ತಲೆ ಎರಕ ಹೊಯ್ದು, ಬೇಕಾದ ಬಣ್ಣದ ಸ್ಕರ್ಟ್ ಹಾಕಿಕೊಳ್ಳೋರೂ ಹೆಚ್ಚಾದ್ರು.

ನನ್ನ ಡಬ್ಬಿಯಲ್ಲಿ ಮುದ್ದೆಯಾದದ್ದಕ್ಕೆ ಕಾರಣ ರಬ್ಬರಿನ ರಸಾಯನ. ಅದರ ಅಣುಸರಪಳಿಯಲ್ಲಿ ಜೋಡಿ ಬಂಧಗಳಿವೆ, ಗಾಳಿಯ ಆಮ್ಲಜನಕ, ಓಜೋನ್ ಅಲ್ಲೇ ಕಚ್ಚುತ್ತವೆ, ಬಿಸಿ ಅದನ್ನ ಜೋರು ಮಾಡುತ್ತೆ. ಸಿಲಿಕೋನಿನ ಬೆನ್ನೆಲುಬು ಸಿಲಿಕಾನ್ ಮತ್ತು ಆಮ್ಲಜನಕದ್ದು, ಹಾಗಾಗಿ ಕಾರಿನ ಡಿಕ್ಕಿಯ ಬಿಸಿ ಅದಕ್ಕೆ ಲೆಕ್ಕಕ್ಕಿಲ್ಲ. 1940ರಲ್ಲಿ ಯೂಜೀನ್ ರೋಕೊ ಇದನ್ನ ಅಗ್ಗವಾಗಿ ಮಾಡೋ ದಾರಿ ಕಂಡುಹಿಡಿದ. ಆದ್ರೂ ಅದು ಜಿಗ್‌ಗೆ ಲಂಗವಾಗಿ ಬರೋಕೆ ಇನ್ನೂ ನಲವತ್ತು ವರ್ಷದ ಮೇಲೆ ಹಿಡೀತು. ಬಂದದ್ದೇ ತಡ, ಬಣ್ಣಗಳ ಜಾತ್ರೆ. ಮಿಂಚು, ಚುಕ್ಕೆ, ಪಟ್ಟೆ, ಏನು ಬೇಕೋ ಅದು.

ಈಗ ಮನೆಯಲ್ಲಿ ಮಾಡೋದು ಹೀಗೆ. ಸಿಲಿಕೋನ್ ಎಳೆಗಳು ಎರಡೂ ತುದಿ ಕೂಡಿಕೊಂಡಿರೋ ಪಟ್ಟಿಗಳಾಗಿ ಸಿಗುತ್ತವೆ. ಎರಡು ಮೂರು ಪಟ್ಟಿ ಜೋಡಿಸಿ, ಸಣ್ಣ ರಬ್ಬರ್ ಉಂಗುರವನ್ನ ಇಕ್ಕಳದಿಂದ ಹಿಗ್ಗಿಸಿ, ಪಟ್ಟಿಗಳ ಮಧ್ಯಭಾಗ ಅದರೊಳಗೆ ಬರೋ ಹಾಗೆ ತೂರಿಸಿ ಬಿಡಬೇಕು. ತುದಿ ಕತ್ತರಿಸಿದ್ರೆ ಎಳೆಗಳು ಬಿಡಿಬಿಡಿ. ಗಾಳದ ಮೊನೆ ಕಡೆಯಿಂದ ಏರಿಸಿ ಸೀಸದ ಕತ್ತಿಗೆ ಕೂರಿಸಬೇಕು. ಅರ್ಧ ಎಳೆಗಳು ಮುಂದಕ್ಕೆ, ಅರ್ಧ ಹಿಂದಕ್ಕೆ ಇರುತ್ತವೆ. ಮುಂದಿನವು ನೀರಿನ ಒತ್ತಡಕ್ಕೆ ಹಿಂದಕ್ಕೆ ಮಡಚಿ, ನಿಂತಾಗ ಮತ್ತೆ ಬಿಚ್ಚಿಕೊಳ್ಳುತ್ತವೆ. ಉಸಿರಾಡೋ ಹಾಗೆ ಕಾಣೋದು ಅದರಿಂದಲೇ. (ಸೀಸ ಕರಗಿಸೋ ಕೆಲಸ ನಾನು ಮಾಡೋದಿಲ್ಲ. 327 ಡಿಗ್ರಿ ಬಿಸಿ, ಅಚ್ಚಿನಲ್ಲಿ ಒಂದು ಹನಿ ನೀರಿದ್ರೂ ಸಿಡಿಯುತ್ತೆ, ಜೊತೆಗೆ ಮನೆಯಲ್ಲಿ ಸಣ್ಣ ಮಗು ಇದೆ. ತಲೆಗಳನ್ನ ಕೊಂಡುತರ್ತೀನಿ.)

ಇಷ್ಟೆಲ್ಲ ಆದ್ಮೇಲೂ ತೊಂದರೆ ಎಲ್ಲಿ? ಉಂಗುರದಲ್ಲಿ! ಲಂಗ ಸಿಲಿಕೋನ್, ಉಂಗುರ ಮಾತ್ರ ರಬ್ಬರ್. ಬಿಸಿಲಿಗೆ ಅದು ಬಿರುಕು ಬಿಡುತ್ತೆ, ಬಂಡೆಗೆ ತಾಗಿ ಜಾರುತ್ತೆ, ಎಳೆಗಳೆಲ್ಲ ಒಂದೇ ಎಸೆತಕ್ಕೆ ನೀರುಪಾಲು. ಅದಕ್ಕೇ ಈಗ ಒಳ್ಳೇ ಜಿಗ್ ಮಾಡೋರು ಉಂಗುರ ಬಿಟ್ಟು ತೆಳ್ಳನೆ ತಂತಿಯಿಂದಲೋ ನೂಲಿನಿಂದಲೋ ಕೈಯಲ್ಲೇ ಬಿಗೀತಾರೆ. ಡಬ್ಬಿ ಮೇಲೆ ಕೈಯಲ್ಲಿ ಕಟ್ಟಿದ್ದು ಅಂತ ಬರೆದು ಜಾಸ್ತಿ ದುಡ್ಡು ತಗೋತಾರೆ. ಉಣ್ಣೆ, ಗರಿ, ಕೂದಲು, ರಬ್ಬರ್, ಸಿಲಿಕೋನ್ ಅಂತ ಸುತ್ತಿ ಬಂದು ನಿಂತದ್ದು ಮಾವ ಹೇಳಿದ ಜಾಗದಲ್ಲೇ. ಬಣ್ಣ ಬಿಡ್, ಗಂಟ್ ಕಾಣ್.

ಆ ಗಂಟು ನಾನು ಕಲಿತೆನಾ? ಹೋದ ಚೌತಿಗೆ ರಜೆ ಹಾಕಿ ಊರಿಗೆ ಹೋದೆ. ಮಾವ ಜಗಲಿಯಲ್ಲಿ ಕೂತು ಎಡಗೈಯಲ್ಲಿ ತೋರಿಸ್ತಾ ಹೇಳಿದ್ರು, ನಾನು ಮಾಡಿದೆ. ಮೊದಲ ದಿನ ಎಂಟು ಕಟ್ಟಿದೆ, ಎಂಟನ್ನೂ ಅವರು ಹಲ್ಲಲ್ಲಿ ಕಚ್ಚಿ ಎಳೆದು ಬಿಚ್ಚಿದ್ರು. ಎರಡನೇ ದಿನ ಅವರ ಎಡಗೈಯನ್ನ ನನ್ನ ಬಲಗೈ ಮೇಲಿಟ್ಟು, ನೂಲು ಎಷ್ಟು ಜಗ್ಗಬೇಕು ಅಂತ ಒತ್ತಿ ತೋರಿಸಿದ್ರು. ಆಗ ತಿಳೀತು.

ಗಂಟು ಇದು. ನೂಲಿನ ಒಂದು ತುದಿಯನ್ನ ಮಡಚಿ ಕುಣಿಕೆ ಮಾಡಿ ಗಾಳದ ಕಡ್ಡಿಯ ಉದ್ದಕ್ಕೆ ಇಡಬೇಕು. ಉಳಿದ ನೂಲನ್ನ ಎಳೆಗಳ ಮೇಲೂ ಆ ಕುಣಿಕೆಯ ಮೇಲೂ ಒತ್ತೊತ್ತಾಗಿ ಹತ್ತು ಹನ್ನೆರಡು ಸುತ್ತು ಸುತ್ತಬೇಕು. ಸುತ್ತಿದ ತುದಿಯನ್ನ ಕುಣಿಕೆಯೊಳಗೆ ತೂರಿಸಿ, ಆ ಕಡೆ ಉಳಿದ ಮೊದಲ ತುದಿಯನ್ನ ಜಗ್ಗಿದ್ರೆ ಕುಣಿಕೆ ಸುತ್ತುಗಳ ಅಡಿಗೆ ಹೋಗಿ ಸಿಕ್ಕಿಕೊಳ್ಳುತ್ತೆ. ಎರಡೂ ತುದಿ ಕತ್ತರಿಸಿದ್ರೆ ಗಂಟೇ ಕಾಣೋದಿಲ್ಲ. ದೋಣಿ ಹಗ್ಗದ ತುದಿ ಬಿಚ್ಚದ ಹಾಗೆ ಕಟ್ಟೋದೂ ಇದೇ ರೀತಿ. ಮಾವ ಅದರ ಮೇಲೆ ದೋಣಿಗೆ ಹಚ್ಚೋ ಗೇರೆಣ್ಣೆ ಸವರ್ತಿದ್ರು. ನಾನು ಒಂದು ಹನಿ ಸೂಪರ್‌ಗ್ಲೂ ಹಾಕ್ತೀನಿ.

ಒಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಹಿಂದೆ ಮಾವ ಕೈ ಸರಿ ಇದ್ದಾಗ ಕಟ್ಟುವ ವಿಡಿಯೊ ಒಂದು ನನ್ನ ಫೋನಲ್ಲಿತ್ತು, ಆದ್ರೆ ಎದುರಿಗೆ ನಿಂತು ತೆಗೆದದ್ದು. ಮುಖ ಚೆನ್ನಾಗಿ ಬಂದಿದೆ, ಗಂಟು ಪೂರ್ತಿ ಬೆರಳುಗಳ ಹಿಂದೆ ಮುಚ್ಚಿಹೋಗಿದೆ. ನಿಮ್ಮ ಮನೆಯಲ್ಲೂ ಬಲೆ ಹೆಣೆಯೋ ಅಜ್ಜ, ಹೂ ಕಟ್ಟೋ ಅಜ್ಜಿ, ಚಾಪೆ ನೇಯೋ ದೊಡ್ಡಮ್ಮ ಇದ್ರೆ, ಈ ಸಲ ಊರಿಗೆ ಹೋದಾಗ ಅವರ ಹಿಂದೆ ಕೂತು, ಭುಜದ ಮೇಲಿಂದ ಫೋನ್ ಹಿಡಿದು ತೆಗೀರಿ. ಅವರ ಕೈ ನಿಮ್ಮ ಕೈ ಇರೋ ಕಡೆಯಿಂದಲೇ ಕಾಣ್ಬೇಕು. ಆಮೇಲೆ ಫೋನ್ ಕೆಳಗಿಟ್ಟು ಒಂದು ಸಲ ನೀವೂ ಕಟ್ಟಿ, ಅವರ ಕೈಗೆ ಕೊಡಿ. ಬಿಚ್ಚಿ ಬಿಸಾಡ್ತಾರೆ. ಇನ್ನೊಂದು ಸಲ ಕಟ್ಟಿ.

ಮುಂದಿನ ವಾರ ಸಿಗೋಣ.